ಮತ್ತೆ ಬಿಡಿಸುವಂತೆ ಅಂಟಿಸುವುದು

ನಿವೃತ್ತಿಯಾದ ಮರುದಿನವೂ ಬೆಳಿಗ್ಗೆ ಐದೂವರೆಗೆ ಸರಿಯಾಗಿ ಎಚ್ಚರವಾಯಿತು. ಎದ್ದು, ಸ್ನಾನ ಮುಗಿಸಿ, ತಲೆ ಬಾಚಿಕೊಳ್ಳುತ್ತಿದ್ದಾಗ ಕೈ ತಾನಾಗಿ ನಿಂತಿತು. ಎಲ್ಲಿಗೆ ಹೊರಟಿದ್ದೇನೆ? ಕುರ್ಚಿಗೆ ಆಫೀಸಿನ ಚೀಲ ಹಾಗೇ ನೇತಾಡುತ್ತಿತ್ತು. ಒಳಗೆ ಕನ್ನಡಕದ ಡಬ್ಬಿ, ಎರಡು ಪೆನ್ನು, ಹಿಂದಿನ ದಿನ ಎಲ್ಲರೂ ಸಹಿ ಹಾಕಿ ಕೊಟ್ಟ ಕಾರ್ಡು.

36 ವರ್ಷ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡಿದವಳು ನಾನು. ಜಮಾ ಒಂದು ಕಡೆ, ಖರ್ಚು ಒಂದು ಕಡೆ. ಎರಡೂ ತಾಳೆಯಾಗುವವರೆಗೆ ಸೀಟು ಬಿಟ್ಟು ಏಳುತ್ತಿರಲಿಲ್ಲ. ಆ ಕೆಲಸವನ್ನು ನಾನು ಪ್ರೀತಿಸುತ್ತಿದ್ದೆ. ಸಂಜೆ ಕೊನೆಯ ಮೊತ್ತ ಎರಡೂ ಕಡೆ ಒಂದೇ ಬಂದಾಗ ಎದೆಯೊಳಗೆ ಏನೋ ಹಗುರಾಗುತ್ತಿತ್ತು. ನಿವೃತ್ತಿಯ ನಂತರ ನನಗೆ ಕಾಡಿದ್ದು ಬಿಡುವಲ್ಲ. ದಿನ ಮುಗಿದರೂ ಆ ಹಗುರ ಬರುತ್ತಿರಲಿಲ್ಲ, ಅದು.

ದಿನವೇನೂ ಖಾಲಿ ಇರಲಿಲ್ಲ. "ನೀನು ಮನೇಲೇ ಇರ್ತೀಯಲ್ಲಮ್ಮ" ಎಂಬ ಮಾತಿನಿಂದ ಶುರುವಾಗುವ ಕೆಲಸಗಳು ಒಂದರ ಹಿಂದೆ ಒಂದು ಬಂದವು. ಮೊಮ್ಮಗಳನ್ನು ಶಾಲೆಯಿಂದ ಕರೆತರುವುದು, ಗ್ಯಾಸ್ ಬರುವವರಿಗೆ ಕಾಯುವುದು, ಯಾರದೋ ಅರ್ಜಿ ತುಂಬಿಕೊಡುವುದು. ಯಾವುದನ್ನೂ ಬೇಸರದಿಂದ ಮಾಡಲಿಲ್ಲ. ಆದರೆ ಆ ಮೊದಲ ವರ್ಷ ಪೂರ್ತಿ ನಾನು ಬೇರೆಯವರ ದಿನದ ಸಂದುಗಳನ್ನು ತುಂಬುವ ಹತ್ತಿಯಾಗಿದ್ದೆ. ಹೆಣ್ಣುಮಕ್ಕಳ ನಿವೃತ್ತಿಯ ಬಗ್ಗೆ ಯಾರೂ ಮುಂಚಿತವಾಗಿ ಹೇಳದ ಸಂಗತಿ ಇದು: ಆಫೀಸು ಬಿಟ್ಟುಕೊಟ್ಟ ಸಮಯ ನಮ್ಮ ಕೈಗೆ ಬರುವ ಮೊದಲೇ ಹಂಚಿಹೋಗಿರುತ್ತದೆ. ಅದರಲ್ಲಿ ಒಂದು ಗಂಟೆಯನ್ನು ನನ್ನದು ಎಂದು ತೆಗೆದಿಟ್ಟುಕೊಳ್ಳಲು ನನಗೆ ಹದಿನಾಲ್ಕು ತಿಂಗಳು ಬೇಕಾಯಿತು.

ಇಷ್ಟಕ್ಕೂ ಈ ನಿವೃತ್ತಿಯ ವಯಸ್ಸನ್ನು ಯಾರು ಗೊತ್ತುಮಾಡಿದರು ಎಂದು ಆ ದಿನಗಳಲ್ಲಿ ಓದಿದೆ. ಜರ್ಮನಿಯಲ್ಲಿ ಬಿಸ್ಮಾರ್ಕ್ ಕಾಲದಲ್ಲಿ, 1889ರಲ್ಲಿ, ವೃದ್ಧಾಪ್ಯದ ಪಿಂಚಣಿಯ ಕಾಯಿದೆ ಬಂದಾಗ ಇಟ್ಟ ವಯಸ್ಸು 70. ಅದು 65ಕ್ಕೆ ಇಳಿದದ್ದು 1916ರಲ್ಲಿ. ಒಂದು ಕಾಯಿದೆಯ ಅಂಕಿ, ಇನ್ನೊಂದು ತಿದ್ದುಪಡಿಯ ಅಂಕಿ. ಯಾರ ಕೈಯ ಹದವನ್ನೂ, ಯಾರ ಕುತೂಹಲವನ್ನೂ ಅಳೆದು ಹಾಕಿದ್ದಲ್ಲ. ಆದರೂ ಆ ದಿನ ಬಂದಾಗ ನಮ್ಮೊಳಗೆ ಏನೋ ಮುಗಿಯಿತು ಎಂದು ನಾವೇ ನಂಬಿಬಿಡುತ್ತೇವೆ.

ಅರವತ್ತಕ್ಕೆ ಅರಳು ಮರಳು ಎನ್ನುತ್ತಾರೆ. ಹೆಸರು ಮರೆತಾಗ, ಕನ್ನಡಕ ಎಲ್ಲಿಟ್ಟೆ ಎಂದು ಹುಡುಕುವಾಗ ಈ ಮಾತು ಕಿವಿಗೆ ಬೀಳುತ್ತದೆ. ಮರಳಿ ಅರಳುವ ಅರ್ಥವೂ ಅದೇ ಮಾತಿನೊಳಗೆ ಇದೆಯೆಂದು ನಮ್ಮ ಹಿರಿಯ ಕವಿಗಳು ಎಂದೋ ಕಂಡುಕೊಂಡಿದ್ದಾರೆ. ಮನಶ್ಶಾಸ್ತ್ರಜ್ಞ ರೇಮಂಡ್ ಕ್ಯಾಟೆಲ್ ಬುದ್ಧಿಯನ್ನು ಎರಡು ಬಗೆಯಾಗಿ ನೋಡಿದರು. ಹೊಸ ಸಮಸ್ಯೆಯನ್ನು ಥಟ್ಟನೆ ಬಿಡಿಸುವ ಚುರುಕು ಒಂದು, ಬದುಕಿ ಓದಿ ಕೂಡಿಟ್ಟುಕೊಂಡ ತಿಳಿವಳಿಕೆ ಇನ್ನೊಂದು. ಮೊದಲನೆಯದು ಯೌವನದಲ್ಲೇ ಶಿಖರ ಮುಟ್ಟಿ ಇಳಿಯತೊಡಗುತ್ತದೆ. ಎರಡನೆಯದು, ಮುಖ್ಯವಾಗಿ ಪದಸಂಪತ್ತು, ಅರವತ್ತು ದಾಟಿದ ಮೇಲೂ ಚೆನ್ನಾಗಿ ಉಳಿಯುತ್ತದೆ. ನನ್ನ ಅನುಭವದಲ್ಲಿ ಎರಡೂ ನಿಜ. ಹೊಸ ಫೋನು ಕಲಿಯಲು ನನಗೆ ಮೂರು ದಿನ ಬೇಕು. ಯಾರಾದರೂ ಅರ್ಧ ಮಾತು ಆಡಿ ಸುಮ್ಮನಾದರೆ ಉಳಿದರ್ಧ ಏನೆಂದು ಈಗ ತಿಳಿಯುತ್ತದೆ. ನಲವತ್ತರಲ್ಲಿ ತಿಳಿಯುತ್ತಿರಲಿಲ್ಲ.

ಆ ವರ್ಷವೇ ಗೆಳತಿಯೊಬ್ಬಳು ಒಂದು ನೋಟ್‌ಬುಕ್ ತಂದುಕೊಟ್ಟಳು. ಪ್ರತಿವಾರ ಐದು ಸಂಗತಿ ಬರೆಯಬೇಕು, ಕೃತಜ್ಞತೆ ಹುಟ್ಟಿಸಿದ ಐದು. ಇದರ ಹಿಂದೆ ಸಂಶೋಧನೆಯೂ ಇದೆ. 2003ರಲ್ಲಿ ರಾಬರ್ಟ್ ಎಮನ್ಸ್ ಮತ್ತು ಮೈಕೆಲ್ ಮೆಕಲೊ ಹೀಗೆ ಬರೆಯುವವರನ್ನೂ, ದಿನದ ಕಿರಿಕಿರಿಗಳನ್ನು ಬರೆಯುವವರನ್ನೂ ಹೋಲಿಸಿ ನೋಡಿದರು. ಕೃತಜ್ಞತೆ ಬರೆದವರು ಮುಂದಿನ ದಿನಗಳನ್ನು ಹೆಚ್ಚು ಭರವಸೆಯಿಂದ ಕಂಡರಂತೆ, ವ್ಯಾಯಾಮವನ್ನೂ ಹೆಚ್ಚು ಮಾಡಿದರಂತೆ. ನಾನೂ ಶ್ರದ್ಧೆಯಿಂದ ಕೂತು ಬರೆದೆ. ಆರೋಗ್ಯ, ಮಕ್ಕಳು, ಪಿಂಚಣಿ, ಮನೆ, ಮಳೆ. ಎರಡನೆಯ ವಾರವೂ ಹೆಚ್ಚುಕಡಿಮೆ ಅವೇ. ಮೂರನೆಯ ವಾರ ಬರೆಯುವಾಗ ನನ್ನ ಅಕ್ಷರಗಳೇ ನನಗೆ ಸುಳ್ಳು ಅನ್ನಿಸಿದವು. ಸಂಶೋಧನೆ ತಪ್ಪು ಎನ್ನುತ್ತಿಲ್ಲ. ಅನೇಕರಿಗೆ ಅದು ನಿಜವಾಗಿ ಆಸರೆ. ನನ್ನೊಳಗೆ ಮಾತ್ರ ಅದು ಪಟ್ಟಿಯಾಗಿ ಉಳಿಯಿತು, ಭಾವವಾಗಲಿಲ್ಲ. ಕೃತಜ್ಞತೆ ನನಗೆ ಬಂದದ್ದು ಬೇರೆ ದಾರಿಯಿಂದ, ಅದೂ ಕೈ ಮೂಲಕ.

ಗ್ರಂಥಾಲಯಕ್ಕೆ ಹೋದದ್ದು ಲೆಕ್ಕ ಬರೆದುಕೊಡುವ ಉದ್ದೇಶದಿಂದ. ಗೊತ್ತಿದ್ದ ಕೆಲಸ ಅದೊಂದೇ ತಾನೆ. ಅಲ್ಲಿ ಹಿಂದಿನ ಕೋಣೆಯ ಮೂಲೆಯಲ್ಲಿ, ಸೀಲಿಂಗಿನ ಹತ್ತಿರದವರೆಗೆ, ಹರಿದ ಪುಸ್ತಕಗಳ ರಾಶಿ ಇತ್ತು. ಹೆಚ್ಚಿನವು ಮಕ್ಕಳ ಪುಸ್ತಕಗಳು. ರಟ್ಟು ಕಳಚಿದವು, ಬೆನ್ನು ಮುರಿದವು, ನಡುವಿನ ಒಂದು ಫಾರಂ, ಅಂದರೆ ಒಟ್ಟಿಗೆ ಮಡಚಿದ ಹಾಳೆಗಳ ಕಟ್ಟು, ಪೂರ್ತಿ ಹೊರಗೆ ಬಂದು ನಾಲಗೆಯಂತೆ ಜೋತುಬಿದ್ದವು. ಅಲ್ಲೇ ಒಂದು ಮೇಜಿನ ಮುಂದೆ ನನ್ನ ಮಗನಿಗಿಂತ ಚಿಕ್ಕ ವಯಸ್ಸಿನ ಹುಡುಗನೊಬ್ಬ ತಲೆ ತಗ್ಗಿಸಿ ಹೊಲಿಯುತ್ತಿದ್ದ. ವಾರಕ್ಕೆ ಎರಡು ದಿನ ಬಂದು ಬೈಂಡಿಂಗ್ ಮಾಡಿಕೊಡುತ್ತಿದ್ದವನು. ನಾನು ಲೆಕ್ಕದ ಪುಸ್ತಕ ಕೇಳಲು ಹೋದವಳು ಅವನ ಕೈಯನ್ನೇ ನೋಡುತ್ತಾ ನಿಂತುಬಿಟ್ಟೆ. "ಕಲಿಸಿಕೊಡ್ತೀಯಾಪ್ಪ?" ಎಂದು ಕೇಳಿದ್ದು ನಾನೇನಾ ಎಂದು ಈಗಲೂ ಆಶ್ಚರ್ಯವಾಗುತ್ತದೆ. ಅವನು ತಲೆ ಎತ್ತಿ, "ಕೂತ್ಕೊಳ್ಳಿ ಅಮ್ಮ" ಎಂದ, ಅಷ್ಟೇ.

ಮೊದಲ ಪಾಠ ಕಾಗದದ ಎಳೆ. ಕಾಗದ ತಯಾರಾಗುವಾಗ ಅದರ ನಾರುಗಳು ಯಂತ್ರ ಓಡುವ ದಿಕ್ಕಿಗೇ ಹೆಚ್ಚಾಗಿ ಮಲಗಿಕೊಳ್ಳುತ್ತವೆ. ಆ ದಿಕ್ಕಿಗೆ ಸಮನಾಗಿ ಮಡಚಿದರೆ ಹಾಳೆ ಸುಲಭವಾಗಿ ಬಗ್ಗುತ್ತದೆ, ಅಡ್ಡ ಮಡಚಿದರೆ ಬಿರುಕು ಬಿಡುತ್ತದೆ. ಪುಸ್ತಕದಲ್ಲಿ ಎಳೆ ಯಾವಾಗಲೂ ಬೆನ್ನಿಗೆ ಸಮನಾಗಿ ಓಡಬೇಕು, ಇಲ್ಲವಾದರೆ ಅಂಟಿನ ತೇವಕ್ಕೆ ರಟ್ಟು ಸೊಟ್ಟಗಾಗುತ್ತದೆ. ನಾನು ಹಾಳೆಯನ್ನು ನೋಡಿ ಇದು ಉದ್ದಕ್ಕೆ, ಅದು ಅಡ್ಡಕ್ಕೆ ಎಂದು ಊಹಿಸತೊಡಗಿದೆ. ಅವನು ನನ್ನ ಕೈಯಿಂದ ಹಾಳೆ ತೆಗೆದುಕೊಂಡು ಮಡಚದೆ ಸುಮ್ಮನೆ ಬಗ್ಗಿಸಿ, ಮತ್ತೆ ಇನ್ನೊಂದು ಕಡೆಗೆ ಬಗ್ಗಿಸಿ, ನನ್ನ ಅಂಗೈ ಮೇಲೆ ಇಟ್ಟ. "ನೋಡ್ಬೇಡಿ ಅಮ್ಮ, ಒತ್ತಿ ನೋಡಿ. ಯಾವ ಕಡೆ ಬಿಟ್ಕೊಡತ್ತೋ ಆ ಕಡೆ." ಮೂವತ್ತು ವರ್ಷ ನನ್ನ ಕೈಕೆಳಗಿನವರಿಗೆ ಹೇಳಿಕೊಟ್ಟವಳು ನಾನು. ಇಷ್ಟು ವರ್ಷದ ನಂತರ ಯಾರೋ ನನಗೆ ಏನೋ ಕಲಿಸುತ್ತಿದ್ದಾರೆ ಎಂಬ ಸುಖ ಎಷ್ಟು ದೊಡ್ಡದು ಎಂದು ಆ ಮಧ್ಯಾಹ್ನ ಗೊತ್ತಾಯಿತು.

ಹೊಲಿಗೆ ಕಲಿಯಲು ತಿಂಗಳುಗಳು ಹಿಡಿದವು. ಲಿನನ್ ದಾರವನ್ನು ಜೇನುಮೇಣದ ಮೇಲೆ ಎಳೆಯಬೇಕು, ಆಗ ದಾರ ಸಿಕ್ಕಾಗುವುದಿಲ್ಲ. ಪ್ರತಿ ಫಾರಮಿನ ಮಡಿಕೆಯಲ್ಲಿ ದಬ್ಬಣದಿಂದ ತೂತು ಹಾಕಿಕೊಂಡು, ಒಳಗಿನಿಂದ ಹೊರಗೆ, ಹೊರಗಿನಿಂದ ಒಳಗೆ ದಾರ ಓಡಿಸಿ, ತುದಿಗೆ ಬಂದಾಗ ಕೆಳಗಿನ ಫಾರಮಿನ ಹೊಲಿಗೆಗೆ ಸುತ್ತು ಹಾಕಿ ಗಂಟು ಬಿಗಿಯಬೇಕು. ಜೋರಾಗಿ ಎಳೆದರೆ ಕಾಗದ ಸೀಳುತ್ತದೆ, ಸಡಿಲ ಬಿಟ್ಟರೆ ಪುಸ್ತಕ ಜೋಲುತ್ತದೆ. ದಾರ ಎಳೆಯುವ ದಿಕ್ಕು ಕೂಡ ಮುಖ್ಯ. ಮಡಿಕೆಯ ಉದ್ದಕ್ಕೇ ಎಳೆಯಬೇಕು, ತನ್ನ ಕಡೆಗೆ ಅಲ್ಲ. ನನ್ನ ಮೊದಲ ಮೂರು ಪುಸ್ತಕಗಳನ್ನು ಅವನು ಮಾತಾಡದೆ ಬಿಚ್ಚಿ ಮತ್ತೆ ನನ್ನ ಮುಂದಿಟ್ಟ. ನಾಲ್ಕನೆಯದನ್ನು ಎರಡೂ ಕೈಯಲ್ಲಿ ಹಿಡಿದು, ತೆರೆದು, ಮುಚ್ಚಿ, ಒಣಗಿದ ಪುಸ್ತಕಗಳ ಸಾಲಿಗೆ ಸೇರಿಸಿದ. ಆ ಸಂಜೆ ಮನೆಗೆ ನಡೆದುಹೋಗುವಾಗ ಹಳೆಯ ಹಗುರ ಮರಳಿ ಬಂದಿತ್ತು.

ಆಮೇಲೆ ಒಂದು ದಿನ ನನ್ನ ಕೈಗೆ ಒಂದು ದಪ್ಪ ಕಥೆಗಳ ಪುಸ್ತಕ ಬಂತು. ಎರಡು ಬಾರಿ ರಿಪೇರಿಯಾಗಿದ್ದ ಪುಸ್ತಕ. ಒಂದು ಕಡೆ ಯಾರೋ ಹರಿದ ಪುಟಗಳಿಗೆಲ್ಲ ಸೆಲ್ಲೋ ಟೇಪ್ ಹಚ್ಚಿದ್ದರು. ಟೇಪಿನ ಪ್ಲಾಸ್ಟಿಕ್ ಒಣಗಿ ಉದುರಿತ್ತು. ಅದರ ಅಂಟು ಮಾತ್ರ ಕಾಗದದೊಳಗೆ ಇಳಿದು ಕಂದು ಬಣ್ಣದ ಕಲೆಯಾಗಿ ಉಳಿದಿತ್ತು. ಅಲ್ಲೊಂದು ಇಲ್ಲೊಂದು ಟೇಪು ಉಳಿದ ಕಡೆ ಎತ್ತಲು ಹೋದರೆ ಅಕ್ಷರಗಳೂ ಅದರ ಜೊತೆಗೇ ಎದ್ದುಬರುತ್ತಿದ್ದವು. ಟೇಪ್ ಹಚ್ಚಿದವರ ಮೇಲೆ ನನಗೆ ಕೋಪವಿಲ್ಲ. ಪುಸ್ತಕ ಉಳಿಯಲಿ ಎಂದೇ ಹಚ್ಚಿದ್ದು, ಕೈಗೆ ಸಿಕ್ಕಿದ್ದನ್ನು ಹಚ್ಚಿದ್ದು.

ಬೆನ್ನಿನ ಕಡೆ ಬೇರೆಯೇ ಕೈ ಕೆಲಸ ಮಾಡಿತ್ತು. ಕಳಚಿದ ಎರಡು ಫಾರಂಗಳನ್ನು ಯಾರೋ ಬಿಳಿ ದಾರದಿಂದ ಹೊಲಿದಿದ್ದರು. ಸಣ್ಣ ಹೊಲಿಗೆ, ಒಂದರಂತೆ ಇನ್ನೊಂದು. ಅದರ ಮೇಲೆ ತೆಳು ಕಾಗದದ ಪಟ್ಟಿ ಅಂಟಿಸಿದ್ದರು. ಪಟ್ಟಿಯ ಅಂಚು ಕತ್ತರಿಸಿದ್ದಾಗಿರಲಿಲ್ಲ, ಹರಿದದ್ದಾಗಿತ್ತು. ಹರಿದ ಅಂಚಿನಲ್ಲಿ ನಾರುಗಳು ಹೊರಗೆ ಚಾಚಿಕೊಂಡಿರುತ್ತವೆ. ಅವು ಕೆಳಗಿನ ಕಾಗದದ ಮೇಲೆ ಹರಡಿ ಮೃದುವಾಗಿ ಹಿಡಿಯುತ್ತವೆ, ಕತ್ತರಿಸಿದ ನೇರ ಅಂಚಿನಂತೆ ಗಡಸು ಗೆರೆಯಾಗಿ ಆ ಜಾಗದಲ್ಲೇ ಮತ್ತೆ ಮುರಿಯುವುದಿಲ್ಲ. ಇದನ್ನು ತಿಳಿದವರು ಮಾತ್ರ ಹರಿಯುತ್ತಾರೆ. ಒದ್ದೆ ಬ್ಲಾಟಿಂಗ್ ಕಾಗದವನ್ನು ಪಟ್ಟಿಯ ಮೇಲಿಟ್ಟು ಕಾದೆ. ಅವರು ಬಳಸಿದ್ದು ಗೋಧಿಯ ಪಿಷ್ಟದಿಂದ ಕಾಸಿದ ಅಂಟು. ಎಷ್ಟೋ ವರ್ಷಗಳ ನಂತರವೂ ಅದು ನೀರಿನ ತೇವಕ್ಕೆ ನೆನೆಯಿತು, ಪಟ್ಟಿ ಚೂರೂ ಹಠ ಮಾಡದೆ ನನ್ನ ಚಿಮಟದ ಜೊತೆ ಎದ್ದು ಬಂತು. ಕೆಳಗಿನ ಅಕ್ಷರ ಒಂದೂ ಅಳಿಸಿರಲಿಲ್ಲ.

ನಾನು ಚಿಮಟ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಈ ಪುಸ್ತಕ ಮತ್ತೆ ಹರಿಯುತ್ತದೆ, ಮತ್ತೆ ಯಾರೋ ಇದನ್ನು ಬಿಚ್ಚುತ್ತಾರೆ ಎಂದು ಮೊದಲೇ ಯೋಚಿಸಿ, ಮುಂದೆ ಬರುವ ಆ ಕೈಗೆ ಸುಲಭವಾಗುವಂತೆ ಅಂಟಿಸಿದ್ದರು. ಆ ಮುಂದಿನ ಕೈ ನನ್ನದಾಗಿತ್ತು. ಅವರ ಹೆಸರು ಎಲ್ಲೂ ಇರಲಿಲ್ಲ. ಗಂಡಸೋ ಹೆಂಗಸೋ, ಈಗ ಇದ್ದಾರೋ ಇಲ್ಲವೋ. ನನ್ನ ಕಣ್ಣಲ್ಲಿ ನೀರು ಬಂತು. ನೋಟ್‌ಬುಕ್ಕಿನಲ್ಲಿ ಐದೈದಾಗಿ ಬರೆದಾಗ ಬಾರದೆ ಇದ್ದದ್ದು ಅಲ್ಲಿ, ಒಂದು ಒದ್ದೆ ಕಾಗದದ ಪಟ್ಟಿಯ ಮುಂದೆ ಬಂತು. ಒಂದು ಕೆಲಸವನ್ನು ನಾವೇ ಕಲಿತು ಮಾಡಿದಾಗ ಮಾತ್ರ, ಅದನ್ನು ಮೊದಲು ಮಾಡಿದವರು ಎಷ್ಟು ಎಚ್ಚರದಿಂದ ಮಾಡಿದ್ದರು ಎಂದು ಕಾಣುತ್ತದೆ. ಹೊಲಿಗೆ ಗೊತ್ತಿಲ್ಲದ ದಿನಗಳಲ್ಲಿ ಅದೇ ಪುಸ್ತಕವನ್ನು ಕೈಗೆತ್ತಿಕೊಂಡಿದ್ದರೆ ಹಳೇ ದಾರ ಎಂದಷ್ಟೇ ನೋಡಿರುತ್ತಿದ್ದೆ.

ಅಲ್ಲಿಂದ ಮುಂದೆ ಎಲ್ಲದರಲ್ಲೂ ಕೈಗಳು ಕಾಣತೊಡಗಿದವು. ಅಮ್ಮ ಹೊಲಿದಿಟ್ಟ ಕೌದಿಯ ಒಳಹೊಲಿಗೆ, ನನಗೆ ಮೊದಲು ಲೆಡ್ಜರ್ ಬರೆಯಲು ಕಲಿಸಿದ ಹಿರಿಯ ಸಹೋದ್ಯೋಗಿ ಪ್ರತಿ ಮೊತ್ತದ ಕೆಳಗೂ ಪೆನ್ಸಿಲಿನಲ್ಲಿ ಇಡುತ್ತಿದ್ದ ಸಣ್ಣ ಚುಕ್ಕೆ. ಪೆನ್ನಿನಲ್ಲಿ ಯಾಕೆ ಇಡುತ್ತಿರಲಿಲ್ಲ ಎಂದು ಆಗ ಕೇಳಿರಲಿಲ್ಲ. ಮುಂದೆ ಪರಿಶೀಲಿಸುವವರು ಅಳಿಸಿ ತಮ್ಮ ಗುರುತು ಇಟ್ಟುಕೊಳ್ಳಲಿ ಎಂದೇ ಇರಬೇಕು.

ಮೇರಿ ಡೆಲನಿಯ ಕಥೆ ನನಗೆ ಸಿಕ್ಕಿದ್ದೂ ಕಾಗದದ ಹಿಂದೆ ಬಿದ್ದದ್ದರಿಂದಲೇ. ಹುಟ್ಟಿದ್ದು 1700ರಲ್ಲಿ, ಇಂಗ್ಲೆಂಡಿನಲ್ಲಿ. ಎರಡನೆಯ ಗಂಡನೂ 1768ರಲ್ಲಿ ತೀರಿಕೊಂಡ. 1772ರಲ್ಲಿ, 72ರ ವಯಸ್ಸಿನಲ್ಲಿ, ಜೆರೇನಿಯಂ ಹೂವಿನ ಎಸಳಿನ ಬಣ್ಣವೂ ಪಕ್ಕದಲ್ಲಿದ್ದ ಕೆಂಪು ಕಾಗದದ ಬಣ್ಣವೂ ಒಂದೇ ಎಂದು ಆಕೆಗೆ ಕಂಡಿತು. ಕತ್ತರಿ ತೆಗೆದುಕೊಂಡು ಆ ಎಸಳುಗಳನ್ನು ಕಾಗದದಲ್ಲಿ ಕತ್ತರಿಸಿದಳು. ಗೆಳತಿ ಒಳಗೆ ಬಂದವಳು ಅವನ್ನು ನಿಜವಾದ ಎಸಳುಗಳೆಂದೇ ತಿಳಿದಳಂತೆ. ಅಲ್ಲಿಂದ ಹತ್ತು ವರ್ಷ ಆಕೆ ಕಪ್ಪು ಹಿನ್ನೆಲೆಯ ಮೇಲೆ ಬಣ್ಣದ ಕಾಗದದ ಸಣ್ಣ ಸಣ್ಣ ತುಣುಕುಗಳನ್ನು ಅಂಟಿಸುತ್ತಾ ಗಿಡಗಳನ್ನು ಮಾಡುತ್ತಾ ಹೋದಳು, ಕೇಸರ, ದಳ, ಎಲೆಯ ನರ ಸಹಿತ. ಕಣ್ಣು ಕೈಕೊಟ್ಟಾಗ, 1782ರಲ್ಲಿ, ನಿಲ್ಲಿಸಿದಳು. ಆಗ 985 ಆಗಿದ್ದವು. ಅವು ಈಗ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ, ಮತ್ತು ಇಂದಿಗೂ ಸಸ್ಯಶಾಸ್ತ್ರ ಬಲ್ಲವರು ಅವುಗಳ ನಿಖರತೆಯನ್ನು ಮೆಚ್ಚುತ್ತಾರೆ.

ಇದನ್ನು ಓದಿದಾಗ ನನ್ನನ್ನು ಹಿಡಿದದ್ದು 985 ಎಂಬ ಸಂಖ್ಯೆಯಲ್ಲ. ಎಪ್ಪತ್ತೆರಡು ವರ್ಷ ಆಕೆ ಕಸೂತಿ ಹಾಕಿದ್ದಳು, ಚಿತ್ರ ಬರೆದಿದ್ದಳು, ತೋಟ ನೋಡಿದ್ದಳು. ಆ ಎಲ್ಲ ಕಾಲದ ನೋಟ ಒಂದು ಎಸಳಿನ ಮುಂದೆ ಕೂಡಿಕೊಂಡಿತು. ಹೊಸದಾಗಿ ಶುರುವಾದಂತೆ ಕಂಡದ್ದರ ಕೆಳಗೆ ಹಳೆಯದೆಲ್ಲ ಇತ್ತು. ನನ್ನ ಲೆಕ್ಕದ ಬೆರಳುಗಳಿಗೂ ಹಾಗೇ ಆಯಿತು. ಪುಟಗಳನ್ನು ಎಣಿಸಿ, ಫಾರಂಗಳ ಕ್ರಮ ತಾಳೆ ನೋಡಿ, ಒಂದು ಹಾಳೆ ಕಾಣೆಯಾಗಿದ್ದರೆ ತಕ್ಷಣ ಹಿಡಿಯುವುದರಲ್ಲಿ ಆ ಹುಡುಗನಿಗಿಂತ ನಾನೇ ಚುರುಕು. "ಅಮ್ಮ, ನೀವು ಎಣಿಸಿದ್ಮೇಲೆ ನಾನು ನೋಡೋದೇ ಇಲ್ಲ" ಎನ್ನುತ್ತಾನೆ.

ಕಣ್ಣಿನ ವಿಷಯ ಹೇಳಲೇಬೇಕು. ವಯಸ್ಸಾದಂತೆ ಕಣ್ಣಿನ ಪಾಪೆ ಚಿಕ್ಕದಾಗುತ್ತದೆ, ಮಸೂರ ಗಡಸಾಗಿ ಹಳದಿಗೆ ತಿರುಗುತ್ತದೆ, ಒಳಗೆ ಹೋಗುವ ಬೆಳಕು ಕಡಿಮೆಯಾಗುತ್ತದೆ. ನನಗೆ ಕಾಣುವುದಿಲ್ಲ ಎಂದು ಕೈಬಿಡುವ ಮೊದಲು ಬೆಳಕು ಸಾಕೇ ಎಂದು ನೋಡಿ. ನಾನು ಒಳ್ಳೆಯ ಟೇಬಲ್ ದೀಪವೊಂದನ್ನು ಎಡಗಡೆಗೆ ಇಟ್ಟುಕೊಂಡೆ, ಬಲಗೈಯ ನೆರಳು ಹೊಲಿಗೆಯ ಮೇಲೆ ಬೀಳದಂತೆ. ಕೈ ನಡುಗುವವರು ಮೊಣಕೈಯನ್ನು ಮೇಜಿನ ಮೇಲೆ ಊರಿ ಕೆಲಸ ಮಾಡಿದರೆ ಸೂಜಿ ನಿಲ್ಲುತ್ತದೆ. ಇಷ್ಟು ಚಿಕ್ಕ ಸಂಗತಿಗೆ ಎಷ್ಟೋ ಜನ ತಮ್ಮ ಇಷ್ಟದ ಕೆಲಸ ಬಿಟ್ಟುಬಿಟ್ಟದ್ದನ್ನು ಕಂಡಿದ್ದೇನೆ.

ಹೀಗೆ ಬರೆಯುವಾಗ ನನ್ನ ಜೊತೆ ನಿವೃತ್ತಳಾದ ಒಬ್ಬ ಗೆಳತಿ ನೆನಪಾಗುತ್ತಾಳೆ. ಗಂಡ ಹಾಸಿಗೆ ಹಿಡಿದಿದ್ದಾರೆ, ಅವಳಿಗೇ ಮಂಡಿ ನೋವು. "ನಿವೃತ್ತಿ ಆದ್ಮೇಲೆ ಬದುಕಿಗೊಂದು ಗುರಿ ಇರ್ಬೇಕು ಅಂತ ಎಲ್ರೂ ಹೇಳ್ತಾರೆ ಕಣೇ, ನನಗೆ ರಾತ್ರಿ ನಿದ್ದೆ ಸಿಕ್ಕಿದ್ರೆ ಸಾಕಾಗಿದೆ" ಎಂದಳು ಒಮ್ಮೆ. ಆ ಮಾತು ನನ್ನನ್ನು ಬಿಟ್ಟಿಲ್ಲ. ಆರೋಗ್ಯ, ಕೈಯಲ್ಲಿ ನಾಲ್ಕು ಕಾಸು, ಬೇರೆಯವರ ಆರೈಕೆಯಿಂದ ಸ್ವಲ್ಪ ಬಿಡುವು, ಇವೆಲ್ಲ ಇದ್ದವರಿಗೆ ಗುರಿಯ ಮಾತು ಸುಲಭ. ಇಲ್ಲದವರಿಗೆ ಅದು ಇನ್ನೊಂದು ಹೊರೆಯಾಗುತ್ತದೆ. ಅವಳಿಗೆ ನಾನು ಯಾವ ಉಪದೇಶವನ್ನೂ ಹೇಳಲಿಲ್ಲ. ಎರಡು ವಾರಕ್ಕೊಮ್ಮೆ ಹೋಗಿ ಅವಳ ಗಂಡನ ಹತ್ತಿರ ಕೂರುತ್ತೇನೆ, ಅವಳು ಮಲಗುತ್ತಾಳೆ.

ಗುರಿ ಎಷ್ಟು ಚಿಕ್ಕದಿದ್ದರೂ ಸಾಕು ಎಂಬುದಕ್ಕೆ 1976ರ ಒಂದು ಅಧ್ಯಯನ ನನಗೆ ಪ್ರಿಯ. ಎಲೆನ್ ಲ್ಯಾಂಗರ್ ಮತ್ತು ಜುಡಿತ್ ರೋಡಿನ್ ವೃದ್ಧರ ಆರೈಕೆ ಮನೆಯೊಂದರಲ್ಲಿ ಒಂದು ಗುಂಪಿನವರಿಗೆ ಕುಂಡದ ಗಿಡ ಕೊಟ್ಟು, ಇದನ್ನು ನೋಡಿಕೊಳ್ಳುವುದು ನಿಮ್ಮ ಜವಾಬ್ದಾರಿ, ನಿಮ್ಮ ದಿನವನ್ನು ಹೇಗೆ ಕಳೆಯಬೇಕೆಂಬುದೂ ನಿಮ್ಮ ಆಯ್ಕೆ ಎಂದರು. ಇನ್ನೊಂದು ಗುಂಪಿಗೂ ಗಿಡ ಕೊಟ್ಟರು, ಆದರೆ ನೀರು ಹಾಕುವುದನ್ನೆಲ್ಲ ಸಿಬ್ಬಂದಿ ನೋಡಿಕೊಳ್ಳುತ್ತಾರೆ ಎಂದರು. ಕೆಲವೇ ವಾರಗಳಲ್ಲಿ ಮೊದಲ ಗುಂಪಿನವರು ಹೆಚ್ಚು ಚುರುಕಾಗಿ, ಹೆಚ್ಚು ಸಂತೋಷವಾಗಿ ಇದ್ದರು. ಚಿಕ್ಕ ಅಧ್ಯಯನ, ಅದರಿಂದ ದೊಡ್ಡ ಸಿದ್ಧಾಂತ ಕಟ್ಟಬೇಕಾಗಿಲ್ಲ. ಆದರೆ ವಯಸ್ಸಾದವರನ್ನು ಪ್ರೀತಿಯಿಂದ ನೋಡಿಕೊಳ್ಳುತ್ತೇವೆಂದು ಹೇಳುತ್ತಾ ಅವರ ಕೈಯಿಂದ ಎಲ್ಲವನ್ನೂ ಕಿತ್ತುಕೊಳ್ಳುವ ಮನೆಗಳನ್ನು ನಾನು ನೋಡಿದ್ದೇನೆ. "ನೀವು ಸುಮ್ನೆ ಕೂತ್ಕೊಳ್ಳಿ" ಎಂಬ ಮಾತಿನಲ್ಲಿ ಎಷ್ಟು ಪ್ರೀತಿ ಇರುತ್ತದೋ ಅಷ್ಟೇ ಗಾಯವೂ ಇರುತ್ತದೆ. ದಯವಿಟ್ಟು ನಿಮ್ಮ ಮನೆಯ ಹಿರಿಯರ ಕೈಯಲ್ಲಿ ಏನಾದರೂ ಉಳಿಯಲು ಬಿಡಿ.

ಇನ್ನೊಂದು ಸಂಗತಿ. ಮನುಷ್ಯನ ಬದುಕನ್ನು ಎಂಟು ಹಂತಗಳಾಗಿ ವಿವರಿಸಿದ ಎರಿಕ್ ಎರಿಕ್ಸನ್ ಅದನ್ನು 1950ರಲ್ಲಿ ಪ್ರಕಟಿಸಿದಾಗ ಇನ್ನೂ ಐವತ್ತು ತುಂಬಿರಲಿಲ್ಲ. ಮುಪ್ಪೆಲ್ಲ ಎಂಟನೆಯ ಹಂತವೊಂದರಲ್ಲೇ ಮುಗಿದಿತ್ತು. ಅವರು 1994ರಲ್ಲಿ ತೀರಿಕೊಂಡ ಮೇಲೆ, ತೊಂಬತ್ತು ದಾಟಿದ್ದ ಹೆಂಡತಿ ಜೋನ್, ತಾನು ಬದುಕಿ ಕಂಡದ್ದನ್ನು ಇಟ್ಟುಕೊಂಡು ಒಂಬತ್ತನೆಯ ಹಂತವನ್ನು ಸೇರಿಸಿ ಬರೆದರು. ಅಲ್ಲಿಗೆ ತಲುಪಿದವರಿಗೆ ಮಾತ್ರ ಅಲ್ಲಿ ಇನ್ನೂ ದಾರಿ ಇದೆಯೆಂದು ಕಾಣುತ್ತದೆ. ನನಗೆ ಈಗ 66. ಮುಂದಿನದನ್ನು ತಿಳಿದವಳಂತೆ ಬರೆಯಲು ಮನಸ್ಸಿಲ್ಲ.

ಹೋದ ತಿಂಗಳು ಆ ಕಥೆಗಳ ಪುಸ್ತಕ ವಾಪಸ್ ಬಂತು. ನಾನು ಸರಿಮಾಡಿ ಎರಡು ವರ್ಷವಾಗಿತ್ತು. ಅದೇ ಜಾಗದಲ್ಲಿ ಮತ್ತೆ ಹರಿದಿತ್ತು. ತಂದುಕೊಟ್ಟ ಹುಡುಗಿಗೆ ಎಂಟೋ ಒಂಬತ್ತೋ ವರ್ಷ ಇರಬಹುದು, ಕಣ್ಣು ಕೆಳಗೆ ಹಾಕಿ ನಿಂತಿದ್ದಳು. "ಎಷ್ಟು ಸಲ ಓದಿದೆ ಮಗಳೇ?" ಎಂದೆ. ನಾಲ್ಕು ಬೆರಳು ತೋರಿಸಿದಳು. ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಬ್ಲಾಟಿಂಗ್ ಕಾಗದ ಒದ್ದೆ ಮಾಡಿ ನಾನು ಅಂಟಿಸಿದ್ದ ಪಟ್ಟಿಯ ಮೇಲಿಟ್ಟೆ. "ಈಗ ಹತ್ತು ನಿಮಿಷ ಕಾಯ್ಬೇಕು" ಎಂದೆ. ಅವಳು ಗಡಿಯಾರ ನೋಡುತ್ತಾ ಕೂತಳು. ಹತ್ತು ನಿಮಿಷವಾದ ಮೇಲೆ ಚಿಮಟವನ್ನು ಅವಳ ಕೈಗೆ ಕೊಟ್ಟೆ. ಪಟ್ಟಿಯ ತುದಿ ಹಿಡಿದು ಮೆಲ್ಲಗೆ ಎತ್ತಿದಳು. ಬಿಟ್ಟುಕೊಂಡು ಬಂತು.